ಊರುಗೋಲೇ ಆಯುಧ: ನಿಂಟೆಂಡೊದ ‘ಡಕ್‌ಟೇಲ್ಸ್’ ಆಡುವ ಬಗೆ

‘ಡಕ್‌ಟೇಲ್ಸ್’ ಜಪಾನಿನ ಕ್ಯಾಪ್‌ಕಾಮ್ ಕಂಪನಿ ತಯಾರಿಸಿದ, ಅಟ್ಟಣಿಗೆಯಿಂದ ಅಟ್ಟಣಿಗೆಗೆ ಜಿಗಿಯುತ್ತ ಸಾಗುವ ಪ್ಲಾಟ್‌ಫಾರ್ಮ್ ಆಟ. ನಿಂಟೆಂಡೊ ಎಂಟರ್‌ಟೇನ್‌ಮೆಂಟ್ ಸಿಸ್ಟಮ್, ಅಂದರೆ ಎನ್‌ಇಎಸ್ ಎಂಬ ಮನೆಬಳಕೆಯ ಕನ್ಸೋಲ್‌ಗಾಗಿ ಅದು 1989ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾಯಿತು. ಜಪಾನ್ ಮತ್ತು ಯುರೋಪಿನ ಅಂಗಡಿಗಳಿಗೆ ಮರುವರ್ಷ ಬಂತು. ಆಟಕ್ಕೆ ಆಧಾರ 1987ರಲ್ಲಿ ಶುರುವಾದ ಡಿಸ್ನಿಯ ಅದೇ ಹೆಸರಿನ ಕಾರ್ಟೂನ್ ಧಾರಾವಾಹಿ. ಧಾರಾವಾಹಿಯ ನಾಯಕ ಸ್ಕ್ರೂಜ್ ಮೆಕ್‌ಡಕ್ ಅದಕ್ಕಿಂತಲೂ ಹಳಬ. ಡೊನಾಲ್ಡ್ ಡಕ್‌ನ ಈ ಜಿಪುಣ ಮಾವನನ್ನು ಚಿತ್ರಕಾರ ಕಾರ್ಲ್ ಬಾರ್ಕ್ಸ್ 1947ರಲ್ಲಿ ಕಾಮಿಕ್ ಪುಸ್ತಕಕ್ಕಾಗಿ ಸೃಷ್ಟಿಸಿದ್ದ. ಭಾರತದಲ್ಲಿ ಸ್ಕ್ರೂಜ್ ಮನೆಮಾತಾದದ್ದು 1990ರ ದಶಕದಲ್ಲಿ. ದೂರದರ್ಶನ ಭಾನುವಾರ ಬೆಳಿಗ್ಗೆ ಹಿಂದಿಯಲ್ಲಿ ಬಿತ್ತರಿಸುತ್ತಿದ್ದ ಈ ಧಾರಾವಾಹಿಯನ್ನು ಹಿಂದಿ ಬಾರದ ಮಕ್ಕಳೂ ಬಿಡದೆ ನೋಡುತ್ತಿದ್ದ ಕಾಲವದು.

ಆ ಕಾಲದಲ್ಲಿ ಕಾರ್ಟೂನ್ ಅಥವಾ ಸಿನಿಮಾದ ಹೆಸರು ಹೊತ್ತು ಬರುತ್ತಿದ್ದ ಆಟಗಳಲ್ಲಿ ಬಹುಪಾಲು ಕಳಪೆ. ಹೆಸರಿನ ಬಲದಿಂದಲೇ ಮಾರಾಟವಾಗುತ್ತದೆ ಎಂಬ ಧೈರ್ಯದಲ್ಲಿ ಅವಸರದಲ್ಲಿ ಹೊಸೆದವೇ ಹೆಚ್ಚು. ‘ಡಕ್‌ಟೇಲ್ಸ್’ ಆ ಸಾಲಿಗೆ ಸೇರಲಿಲ್ಲ. ಕ್ಯಾಪ್‌ಕಾಮ್‌ನದೇ ‘ಮೆಗಾ ಮ್ಯಾನ್’ ಆಟಗಳಿಗೆ ದುಡಿದ ಹಲವರು ಇದರ ತಂಡದಲ್ಲಿದ್ದರು. ನಿರ್ಮಾಪಕ ಟೊಕುರೊ ಫುಜಿವಾರಾ, ಚಿತ್ರ ವಿಭಾಗದಲ್ಲಿ ಕೇಜಿ ಇನಾಫುನೆ, ಸಂಗೀತಕ್ಕೆ ಹಿರೋಶಿಗೆ ಟೊನೊಮುರಾ. ಅವರು ನಾಯಕನ ಕೈಗೆ ಬಂದೂಕು ಕೊಡಲಿಲ್ಲ. ಮುದುಕನ ಕೈಯಲ್ಲಿ ಮೊದಲೇ ಇದ್ದ ಊರುಗೋಲನ್ನೇ ಓಡಾಟಕ್ಕೂ ಹೊಡೆದಾಟಕ್ಕೂ ಸಾಧನವಾಗಿಸಿದರು. ದುರಾಸೆ ಈ ಪಾತ್ರದ ಸ್ವಭಾವ. ಹಾಗಾಗಿ ಹಣ ಕೂಡಿಡುವುದೇ ಆಟದ ಗುರಿಯಾಯಿತು. ಎನ್‌ಇಎಸ್ ಆವೃತ್ತಿಯ 16 ಲಕ್ಷಕ್ಕೂ ಹೆಚ್ಚು ಪ್ರತಿಗಳು ಮಾರಾಟವಾದವು. ಕ್ಯಾಪ್‌ಕಾಮ್‌ನ ಎನ್‌ಇಎಸ್ ಆಟಗಳಲ್ಲಿ ಅದು ಅತಿ ದೊಡ್ಡ ಯಶಸ್ಸುಗಳಲ್ಲೊಂದು.

ಯಂತ್ರ, ಕಾರ್ಟ್ರಿಜ್, ಟಿವಿ

ಮೂಲ ಯಂತ್ರದಲ್ಲೇ ಆಡಬೇಕೆನ್ನುವವರು ಮೊದಲು ಗಮನಿಸಬೇಕಾದದ್ದು ವಿದ್ಯುತ್ತನ್ನು. ಅಮೆರಿಕದ ಎನ್‌ಇಎಸ್ ಅಡಾಪ್ಟರ್ 120 ವೋಲ್ಟ್‌ಗೆ ತಯಾರಾದದ್ದು. ಭಾರತದ 230 ವೋಲ್ಟ್ ಪ್ಲಗ್‌ಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಇನ್ನೊಂದು ಅಪಾಯ ಅಷ್ಟಾಗಿ ಗೊತ್ತಿಲ್ಲದ್ದು. ಎನ್‌ಇಎಸ್ ಅಡಾಪ್ಟರ್ ಹೊರಗೆ ಕೊಡುವುದು ಎಸಿ ವಿದ್ಯುತ್, ಎನ್‌ಇಎಸ್‌ನ ಜಪಾನಿ ರೂಪವಾದ ಫ್ಯಾಮಿಕಾಮ್ ಬೇಡುವುದು ಡಿಸಿ. ಎನ್‌ಇಎಸ್ ಅಡಾಪ್ಟರನ್ನು ಫ್ಯಾಮಿಕಾಮ್‌ಗೆ ಹಾಕಿದರೆ ಅದು ಕೆಟ್ಟು ಕೂರುತ್ತದೆ. ಹಳೆಯ ಸಾಮಾನು ಕೊಳ್ಳುವಾಗ ಅಡಾಪ್ಟರ್ ಮೇಲಿನ ಬರಹ ಓದದೆ ಸ್ವಿಚ್ ಹಾಕಬಾರದು.

ಎರಡು ಯಂತ್ರಗಳ ಕಾರ್ಟ್ರಿಜ್‌ಗಳೂ ಬೇರೆ ಬೇರೆ. ಎನ್‌ಇಎಸ್ ಕಾರ್ಟ್ರಿಜ್‌ಗೆ 72 ಪಿನ್, ಫ್ಯಾಮಿಕಾಮ್‌ನದಕ್ಕೆ 60. ಕರ್ನಾಟಕದ ಪೇಟೆಗಳಲ್ಲಿ ಒಂದು ಕಾಲಕ್ಕೆ ‘ಟಿವಿ ಗೇಮ್’ ಎಂಬ ಹೆಸರಿನಲ್ಲಿ ಸಿಗುತ್ತಿದ್ದ ಅಗ್ಗದ ಯಂತ್ರಗಳು ಫ್ಯಾಮಿಕಾಮ್‌ನ ನಕಲುಗಳು. ಮಕ್ಕಳು ‘ಕ್ಯಾಸೆಟ್’ ಎನ್ನುತ್ತಿದ್ದದ್ದು 60 ಪಿನ್ನಿನ ಕಾರ್ಟ್ರಿಜ್ ಅನ್ನು. ಅಂಥ ಯಂತ್ರ ಅಟ್ಟದ ಮೇಲೆ ಇನ್ನೂ ಉಳಿದಿದ್ದರೂ ಅಮೆರಿಕದಿಂದ ತರಿಸಿದ ‘ಡಕ್‌ಟೇಲ್ಸ್’ ಅದಕ್ಕೆ ಹೊಂದುವುದಿಲ್ಲ, ನಡುವೆ ಪರಿವರ್ತಕವೊಂದು ಬೇಕು. ಯುರೋಪಿನ ಪಿಎಎಲ್ ಆವೃತ್ತಿ ಸೆಕೆಂಡಿಗೆ 60ರ ಬದಲು 50 ಚಿತ್ರಗಳ ವೇಗದಲ್ಲಿ ಓಡುವ ಯಂತ್ರಕ್ಕಾಗಿ ಬಂದದ್ದು. ಆಯ್ಕೆ ಇದ್ದರೆ ಅಮೆರಿಕದ ಆವೃತ್ತಿಯೇ ಮೇಲು.

ಕಾರ್ಟ್ರಿಜ್ ಹಾಕಿದಾಗ ಕೆಂಪು ದೀಪ ಮಿಣುಕುತ್ತ ಪರದೆ ಖಾಲಿಯಾಗಿ ಉಳಿಯುವುದು ಎನ್‌ಇಎಸ್‌ನ ಹಳೆಯ ಕಾಯಿಲೆ. ಅಧಿಕೃತ ಕಾರ್ಟ್ರಿಜ್ ಅಲ್ಲದ್ದನ್ನು ತಡೆಯಲು ಯಂತ್ರದೊಳಗೆ ಒಂದು ಕಾವಲು ಚಿಪ್ ಇದೆ. ಪಿನ್‌ಗಳ ಸಂಪರ್ಕ ಸರಿಯಾಗದಿದ್ದರೆ ಅದು ಅಸಲಿ ಕಾರ್ಟ್ರಿಜ್ ಅನ್ನೂ ಕಳ್ಳಮಾಲೆಂದು ಬಗೆದು ಯಂತ್ರವನ್ನು ಮತ್ತೆ ಮತ್ತೆ ರೀಸೆಟ್ ಮಾಡುತ್ತದೆ. ಇದಕ್ಕೆ ಒಂದು ತಲೆಮಾರಿನ ಮಕ್ಕಳೆಲ್ಲ ಮಾಡಿದ ಮದ್ದು ಬಾಯಿಂದ ಊದುವುದು. ಊದಿದಾಗ ಹೊರಡುವ ತೇವ ಪಿನ್‌ಗಳಿಗೆ ತುಕ್ಕು ತರಬಲ್ಲದು. ಊದಿದ ಮೇಲೆ ಆಟ ಓಡಿದ್ದರೆ ಅದಕ್ಕೆ ಕಾರಣ ಉಸಿರಲ್ಲ, ತೆಗೆದು ಮತ್ತೆ ಹಾಕಿದ್ದು. ಹತ್ತಿ ಸುತ್ತಿದ ಕಡ್ಡಿಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಪಿನ್‌ಗಳನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕುವುದೇ ಸರಿಯಾದ ದಾರಿ.

ಟಿವಿಯ ವಿಷಯದಲ್ಲಿ ಹಳೆಯ ಡಬ್ಬಾ ಟಿವಿಯೇ ಈ ಯಂತ್ರಕ್ಕೆ ಉತ್ತಮ ಜೋಡಿ. ಹೊಸ ಚಪ್ಪಟೆ ಟಿವಿಗಳು ಚಿತ್ರವನ್ನು ಹಿಗ್ಗಿಸಿ ತಿದ್ದುವಾಗ ಗುಂಡಿ ಒತ್ತಿದ್ದಕ್ಕೂ ಪರದೆಯಲ್ಲಿ ಕಾಣುವುದಕ್ಕೂ ನಡುವೆ ಸಣ್ಣ ವಿಳಂಬ ಸೇರಿಕೊಳ್ಳುತ್ತದೆ. ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಇದ್ದು, ಅದನ್ನು ಹಾಕಿಕೊಂಡರೆ ವಿಳಂಬ ತಗ್ಗುತ್ತದೆ. ಹಲವು ಶತ್ರುಗಳು ಒಂದೇ ಸಾಲಿನಲ್ಲಿ ಬಂದಾಗ ಅವರ ಆಕೃತಿ ಮಿಣುಕುವುದನ್ನು ಕಂಡು ಯಂತ್ರ ಕೆಟ್ಟಿತೆಂದು ಭಯಪಡಬೇಕಿಲ್ಲ. ಎನ್‌ಇಎಸ್ ಒಂದು ಅಡ್ಡಗೆರೆಯಲ್ಲಿ ಎಂಟಕ್ಕಿಂತ ಹೆಚ್ಚು ಚಲಿಸುವ ಚಿತ್ರತುಣುಕುಗಳನ್ನು ತೋರಿಸಲಾರದು, ಅಷ್ಟೇ.

ಕುಪ್ಪಳಿಕೆ

ಕಂಟ್ರೋಲರ್‌ನಲ್ಲಿ ಬಳಕೆಯಾಗುವುದು ದಿಕ್ಕಿನ ಗುಂಡಿ, ಎ ಮತ್ತು ಬಿ. ಎ ಒತ್ತಿದರೆ ಸ್ಕ್ರೂಜ್ ಜಿಗಿಯುತ್ತಾನೆ. ಜಿಗಿದು ಗಾಳಿಯಲ್ಲಿರುವಾಗ ಕೆಳದಿಕ್ಕನ್ನೂ ಬಿ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಊರುಗೋಲು ಕಾಲಕೆಳಗೆ ಬರುತ್ತದೆ. ಆಮೇಲೆ ಅವನು ಸ್ಪ್ರಿಂಗ್ ಹಾಕಿದ ಕೋಲಿನ ಮೇಲೆ ನಿಂತವನಂತೆ ಕುಪ್ಪಳಿಸತೊಡಗುತ್ತಾನೆ. ಆಟಗಾರರ ಬಾಯಲ್ಲಿ ಇದಕ್ಕೆ ‘ಪೋಗೋ’ ಎಂದೇ ಹೆಸರು. ಬಿ ಗುಂಡಿಯ ಮೇಲಿನ ಬೆರಳು ಸಡಿಲವಾದರೆ ಕುಪ್ಪಳಿಕೆಯೂ ನಿಲ್ಲುತ್ತದೆ. ಎಡಕ್ಕೆ ಬಲಕ್ಕೆ ವಾಲಿಸುವ ಕೆಲಸ ದಿಕ್ಕಿನ ಗುಂಡಿಯದು.

ಇಡೀ ಆಟ ನಿಂತಿರುವುದು ಇದೊಂದರ ಮೇಲೆ. ಶತ್ರುವಿನ ತಲೆಯ ಮೇಲೆ ಬರಿಗಾಲಲ್ಲಿ ಬಿದ್ದರೆ ಪೆಟ್ಟು ಸ್ಕ್ರೂಜ್‌ಗೆ, ಊರುಗೋಲಿನ ಮೇಲೆ ಬಿದ್ದರೆ ಶತ್ರುವಿಗೆ. ಮುಳ್ಳುಗಳ ಮೇಲೆ ಕಾಲಿಟ್ಟರೆ ಗಾಯ, ಕುಪ್ಪಳಿಸಿ ದಾಟಿದರೆ ಏನೂ ಆಗದು. ಸಾಧಾರಣ ಜಿಗಿತಕ್ಕೆ ಎಟುಕದ ಅಟ್ಟಣಿಗೆ ಕುಪ್ಪಳಿಕೆಗೆ ಎಟುಕುತ್ತದೆ. ಹಾರಾಡುವ ಶತ್ರುವೊಂದು ಕಂದಕದ ನಡುವೆ ಬಂದರೆ ಅದು ಅಡ್ಡಿಯಲ್ಲ. ಅದರ ತಲೆ ಮೆಟ್ಟಿ ಆಚೆ ದಡ ಸೇರಲು ಸಿಕ್ಕ ಮೆಟ್ಟಿಲು. ನಿಧಿಪೆಟ್ಟಿಗೆ ತೆರೆಯುವುದಕ್ಕೂ ಕೆಲವು ಕಲ್ಲುಗಳನ್ನು ಒಡೆಯುವುದಕ್ಕೂ ಇದೇ ಸಾಧನ. ಆದ್ದರಿಂದ ಹೊಸಬರು ಮೊದಲ ಹಂತಕ್ಕೆ ಹೋದ ಕೂಡಲೇ ಮುಂದೆ ಓಡದೆ, ಶತ್ರುಗಳಿಲ್ಲದ ಜಾಗದಲ್ಲಿ ನಿಂತು ಜಿಗಿತದಿಂದ ಕುಪ್ಪಳಿಕೆಗೆ ಹೊರಳುವುದನ್ನು ಬೆರಳಿಗೆ ರೂಢಿ ಮಾಡಿಸಬೇಕು. ಸಾಮಾನ್ಯ ತಪ್ಪು ಎರಡು. ಒಂದು, ನೆಲದ ಮೇಲಿರುವಾಗಲೇ ಕೆಳದಿಕ್ಕು ಒತ್ತುವುದು. ಆಗ ಸ್ಕ್ರೂಜ್ ಬಗ್ಗಿ ಕೂರುತ್ತಾನೆ, ಅಷ್ಟೇ. ಇನ್ನೊಂದು, ಗಾಬರಿಯಲ್ಲಿ ಬಿ ಗುಂಡಿಯನ್ನು ಪಟಪಟನೆ ಬಡಿಯುವುದು. ಬಡಿಯಬಾರದು, ಹಿಡಿದಿರಬೇಕು. ಹಿಡಿದೇ ಇರುವುದರಿಂದ ಒಂದು ಲಾಭವೂ ಉಂಟು. ಪ್ರತಿ ನೆಗೆತಕ್ಕೂ ಹೊಸದಾಗಿ ಕ್ಷಣ ಲೆಕ್ಕ ಹಾಕಬೇಕಿಲ್ಲವಾದ್ದರಿಂದ ಚಪ್ಪಟೆ ಟಿವಿಯ ವಿಳಂಬ ಈ ಆಟದಲ್ಲಿ ಬೇರೆ ಆಟಗಳಲ್ಲಿರುವಷ್ಟು ಕಾಡುವುದಿಲ್ಲ.

ಊರುಗೋಲಿನ ಎರಡನೆಯ ಬಳಕೆ ಗಾಲ್ಫ್ ಹೊಡೆತ. ಕಲ್ಲು, ಪೆಟ್ಟಿಗೆಯಂಥ ವಸ್ತುವಿನ ಪಕ್ಕಕ್ಕೆ ಹೋಗಿ, ಅದರ ಕಡೆಗೇ ದಿಕ್ಕಿನ ಗುಂಡಿ ಒತ್ತಿಹಿಡಿದರೆ ಸ್ಕ್ರೂಜ್ ಕೋಲು ಬೀಸುವ ಭಂಗಿಗೆ ಬರುತ್ತಾನೆ. ಆಗ ಬಿ ಒತ್ತಿದರೆ ವಸ್ತು ಹಾರಿ ಹೋಗುತ್ತದೆ. ದೂರದ ಶತ್ರುವನ್ನು ಬೀಳಿಸಲೂ ಮೇಲಿನ ಪೆಟ್ಟಿಗೆಯನ್ನು ಒಡೆಯಲೂ ಇದು ಉಪಯುಕ್ತ. ಅಲುಗದ ಬಂಡೆಗೆ ಬೀಸಿದರೆ ಕೋಲು ತಿರುಗಿ ಸ್ಕ್ರೂಜ್‌ನನ್ನೇ ನಡುಗಿಸುತ್ತದೆ. ಈ ಚಿಕ್ಕ ಹಾಸ್ಯಕ್ಕಾಗಿಯೇ ಚಿತ್ರಕಾರರು ಪ್ರತ್ಯೇಕ ಚಿತ್ರಗಳನ್ನು ಬರೆದಿದ್ದಾರೆ. ಹಗ್ಗ ಮತ್ತು ಸರಪಳಿ ಹತ್ತುವುದು ಮೂರನೆಯದು, ಅದರಲ್ಲಿ ಕಲಿಯಬೇಕಾದದ್ದೇನಿಲ್ಲ.

ಪರದೆಯ ಅಂಚಿನಲ್ಲಿ ಕಾಣುವುದು ಕೂಡಿಟ್ಟ ಹಣ, ಉಳಿದ ಸಮಯ, ದೇಹಬಲ ಮತ್ತು ಜೀವಗಳು. ಆರಂಭದಲ್ಲಿ ಸುಲಭ, ಸಾಮಾನ್ಯ, ಕಠಿಣ ಎಂಬ ಮೂರು ಮಟ್ಟಗಳಲ್ಲಿ ಒಂದನ್ನು ಆರಿಸಬೇಕು. ಹೊಸಬರು ಸಂಕೋಚವಿಲ್ಲದೆ ಸುಲಭವನ್ನು ಆರಿಸಿಕೊಳ್ಳಬಹುದು, ದಾರಿಗಳು ಅವೇ. ಪಾಸ್‌ವರ್ಡ್ ಇಲ್ಲ, ಸೇವ್ ಮಾಡುವ ಏರ್ಪಾಡೂ ಇಲ್ಲ. ಜೀವಗಳು ಮುಗಿದರೆ ಆಟ ಮುಗಿಯಿತು, ಮತ್ತೆ ಮೊದಲಿನಿಂದ. ಇಂದಿನವರಿಗೆ ಇದು ಕ್ರೌರ್ಯವೆನಿಸಬಹುದು. ಆದರೆ ಆಟ ಚಿಕ್ಕದು, ಪಳಗಿದವರು ಸುಮಾರು ಅರ್ಧ ಗಂಟೆಯಲ್ಲಿ ಮುಗಿಸುತ್ತಾರೆ. ಒಂದು ಸಂಜೆ ಸೋತು ಸೋತು ಕಲಿತದ್ದು ಮರುದಿನ ಹತ್ತು ನಿಮಿಷದ ಕೆಲಸವಾಗುತ್ತದೆ.

ಹಣ ಎಲ್ಲಿದೆ

ದಾರಿಯುದ್ದಕ್ಕೂ ಪೆಟ್ಟಿಗೆಗಳಲ್ಲಿ ವಜ್ರಗಳಿವೆ. ದೊಡ್ಡದಕ್ಕೆ ಬೆಲೆ ಹೆಚ್ಚು. ಆದರೆ ಕಣ್ಣಿಗೆ ಕಾಣುವ ಪೆಟ್ಟಿಗೆಗಳಿಂದ ಸಿಗುವುದು ಸಂಪತ್ತಿನ ಒಂದು ಭಾಗ ಮಾತ್ರ. ಖಾಲಿಯಾಗಿ ಕಾಣುವ ಜಾಗಗಳಲ್ಲಿ ಸ್ಕ್ರೂಜ್ ಹಾದುಹೋದ ಕೂಡಲೇ ವಜ್ರ ಮೂಡುವ ಗುಪ್ತ ತಾಣಗಳು ಹೇರಳವಾಗಿವೆ. ಮುಂದಕ್ಕೆ ಹೋಗುವ ದಾರಿಗೆ ಏನೂ ಸಂಬಂಧವಿಲ್ಲದ ಒಂಟಿ ಅಟ್ಟಣಿಗೆ, ಸುಮ್ಮನೆ ಇಳಿಬಿಟ್ಟಂತಿರುವ ಹಗ್ಗದ ತುದಿ, ಗುಹೆಯ ಮೂಲೆ, ಇಂಥ ಕಡೆಯೆಲ್ಲ ಕುಪ್ಪಳಿಸಿ ನೋಡುವುದು ವ್ಯರ್ಥವಾಗದು. ಆಟವನ್ನು ಕಟ್ಟಿದವರು ಕುತೂಹಲಕ್ಕೆ ಕೂಲಿ ಕೊಡುವ ವಿಷಯದಲ್ಲಿ ಸ್ಕ್ರೂಜ್‌ನಷ್ಟು ಜಿಪುಣರಲ್ಲ. ಕೆಲವು ಗುಪ್ತ ಪೆಟ್ಟಿಗೆಗಳು ದೇಹಬಲದ ಮಿತಿಯನ್ನೇ ಹೆಚ್ಚಿಸುತ್ತವೆ. ತಾತ್ಕಾಲಿಕವಾಗಿ ಯಾವ ಪೆಟ್ಟೂ ತಾಗದಂತೆ ಮಾಡುವ ನಾಣ್ಯವೂ ಉಂಟು. ಅದು ಸಿಕ್ಕಾಗ ನಿಂತು ಯೋಚಿಸದೆ ಶತ್ರುಗಳ ನಡುವೆ ನುಗ್ಗುವುದೇ ಸರಿ.

ಧಾರಾವಾಹಿಯ ಪಾತ್ರಗಳು ದಾರಿಯಲ್ಲಿ ಅಲ್ಲಲ್ಲಿ ಎದುರಾಗುತ್ತವೆ. ಮಿಸೆಸ್ ಬೀಕ್ಲಿ ಮೇಲಿಂದ ತಿಂಡಿ ಎಸೆಯುತ್ತಾಳೆ, ತಿಂದರೆ ದೇಹಬಲ ಮರಳುತ್ತದೆ. ಹ್ಯೂಯಿ, ಡ್ಯೂಯಿ, ಲೂಯಿ ಎಂಬ ಮೂವರು ಮರಿಗಳೂ ವೆಬ್ಬಿಯೂ ಸುಳಿವು ಹೇಳುತ್ತಾರೆ. ಆಟದ ದೃಷ್ಟಿಯಿಂದ ಎಲ್ಲರಿಗಿಂತ ಮುಖ್ಯನಾದವನು ವಿಮಾನ ಚಾಲಕ ಲಾಂಚ್‌ಪ್ಯಾಡ್. ಅವನು ಸಿಕ್ಕಾಗ ಸ್ಕ್ರೂಜ್‌ನ ಊರಾದ ಡಕ್‌ಬರ್ಗ್‌ಗೆ ವಾಪಸು ಹೋಗೋಣವೇ ಎಂದು ಕೇಳುತ್ತಾನೆ. ಹೌದು ಎಂದರೆ ಹಂತದ ಪ್ರಯಾಣ ಅರ್ಧಕ್ಕೇ ನಿಲ್ಲುತ್ತದೆ, ಆದರೆ ಅಲ್ಲಿಯವರೆಗಿನ ಹಣ ಕೈಯಲ್ಲೇ ಉಳಿಯುತ್ತದೆ. ದೇಹಬಲ ಕೊನೆಯ ಗುಟುಕಿನಲ್ಲಿದ್ದಾಗ ಇದು ಜಾಣತನ. ಹಣದ ಮೊತ್ತದಲ್ಲಿ ಹತ್ತು ಸಾವಿರದ ಸ್ಥಾನದಲ್ಲಿ 7 ಇರುವಾಗ ಅವನೊಂದಿಗೆ ಹೊರಟರೆ ವಜ್ರಗಳು ತುಂಬಿದ ಗುಪ್ತ ಬೋನಸ್ ಹಂತ ತೆರೆದುಕೊಳ್ಳುತ್ತದೆ. ಆಟದಲ್ಲಿ ಎಲ್ಲಿಯೂ ಇದರ ಸೂಚನೆಯಿಲ್ಲ. ಗೊತ್ತಿದ್ದವರು ಗೆಳೆಯರಿಗೆ ಹೇಳಿ ಹರಡಿದ ಗುಟ್ಟು.

ಐದು ಊರುಗಳು

ಸ್ಕ್ರೂಜ್‌ನ ಕಂಪ್ಯೂಟರ್ ಐದು ಜಾಗಗಳನ್ನು ತೋರಿಸುತ್ತದೆ: ಅಮೆಜಾನ್ ಕಾಡು, ಟ್ರಾನ್ಸಿಲ್ವೇನಿಯಾದ ಕೋಟೆ, ಆಫ್ರಿಕಾದ ಗಣಿ, ಹಿಮಾಲಯ ಮತ್ತು ಚಂದ್ರ. ಯಾವುದನ್ನು ಮೊದಲು ಆಡಬೇಕೆಂಬ ಆಯ್ಕೆ ಆಟಗಾರರದು. 1989ರ ಮಟ್ಟಿಗೆ ಅದು ದೊಡ್ಡ ಸ್ವಾತಂತ್ರ್ಯ. ಕ್ಯಾಪ್‌ಕಾಮ್ ಅದನ್ನು ‘ಮೆಗಾ ಮ್ಯಾನ್’ ಆಟದಲ್ಲಿ ಆಗಲೇ ಪ್ರಯೋಗಿಸಿತ್ತು. ಪ್ರತಿ ಜಾಗದ ಕೊನೆಯಲ್ಲಿ ಒಬ್ಬ ದೊಡ್ಡ ಶತ್ರು, ಅವನನ್ನು ಮಣಿಸಿದರೆ 10 ಲಕ್ಷ ಡಾಲರ್ ಬೆಲೆಯ ಒಂದು ನಿಧಿ. ಇವಲ್ಲದೆ ಇನ್ನೆರಡು ಗುಪ್ತ ನಿಧಿಗಳು ಹಂತಗಳ ಒಳಗೆ ಅಡಗಿವೆ.

ಆರಂಭಕ್ಕೆ ಅಮೆಜಾನ್ ಸರಿ. ಮುಳ್ಳು, ಹಗ್ಗ, ಜೇನ್ನೊಣ, ಗೊರಿಲ್ಲಾ ಎಲ್ಲವೂ ಒಂದೊಂದಾಗಿ ಬರುವುದರಿಂದ ಕುಪ್ಪಳಿಕೆಯ ಪಾಠ ತಾನಾಗಿ ನಡೆಯುತ್ತದೆ. ಕಾಡಿನ ಮೇಲ್ಭಾಗದಲ್ಲೇ ಸಾಗಬಹುದು, ಆದರೆ ಹಗ್ಗ ಹಿಡಿದು ನೆಲದಡಿಗೆ ಇಳಿದರೆ ವಜ್ರಗಳು ಹೆಚ್ಚು. ಕೊನೆಯಲ್ಲಿ ಕಾಯುವುದು ಜೀವಬಂದ ಕಲ್ಲಿನ ಮೂರ್ತಿ. ಅದು ನೆಗೆಯುವಾಗ ಕೆಳಗೆ ನುಸುಳಿ, ಇಳಿದ ಮೇಲೆ ತಲೆಯ ಮೇಲೆ ಕುಪ್ಪಳಿಸಬೇಕು. ಸಿಗುವುದು ಇಂಕಾ ರಾಜನ ರಾಜದಂಡ.

ಎರಡನೆಯದಾಗಿ ಟ್ರಾನ್ಸಿಲ್ವೇನಿಯಾಕ್ಕೆ ಹೋಗಲು ಗಟ್ಟಿ ಕಾರಣವಿದೆ. ಆಫ್ರಿಕಾದ ಗಣಿಗೆ ಮೊದಲು ಹೋದವರಿಗೆ ಬಾಗಿಲಿಗೆ ಬೀಗ ಹಾಕಿರುವುದು ಕಾಣುತ್ತದೆ. ಅದರ ಕೀಲಿ ಇರುವುದು ಟ್ರಾನ್ಸಿಲ್ವೇನಿಯಾದ ಕೋಟೆಯಲ್ಲಿ. ಗೊತ್ತಿಲ್ಲದೆ ಹೋದರೆ ನಷ್ಟವೇನಿಲ್ಲ, ಬರಿಗೈಯಲ್ಲಿ ವಾಪಸು ಬರಬೇಕಾಗುತ್ತದೆ. ಕೋಟೆ ಐದರಲ್ಲಿ ಅತಿ ಜಟಿಲವಾದ ವಿನ್ಯಾಸ. ಭೂತ, ಮಮ್ಮಿ, ಅಸ್ಥಿಪಂಜರಗಳಿಗಿಂತ ಹೆಚ್ಚು ತೊಂದರೆ ಕೊಡುವುದು ಕನ್ನಡಿಗಳು. ಮಾಯಾಕನ್ನಡಿಯೊಳಗೆ ಹೊಕ್ಕರೆ ಸ್ಕ್ರೂಜ್ ಕೋಟೆಯ ಬೇರೊಂದು ಮೂಲೆಯಲ್ಲಿ ಹೊರಬರುತ್ತಾನೆ, ಕೆಲವೊಮ್ಮೆ ಆಗಲೇ ನಡೆದು ಬಂದ ಜಾಗಕ್ಕೇ. ಇಲ್ಲಿ ಸಮಯದ ಮಿತಿ ನಿಜವಾದ ಬೆದರಿಕೆಯಾಗುತ್ತದೆ. ಮೊದಲ ಸಲ ಗೆಲ್ಲುವ ಹಂಬಲ ಬಿಟ್ಟು, ಕಾಗದದ ಮೇಲೆ ಕನ್ನಡಿಗಳ ನಕ್ಷೆ ಬರೆದುಕೊಳ್ಳುತ್ತ ತಿರುಗಾಡುವುದು ಒಳ್ಳೆಯದು. ಆಟ ಬಂದ ಕಾಲದಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ, ಮತ್ತು ಆಟದ ಕೊನೆಯಲ್ಲಿ ಈ ನಕ್ಷೆ ಇನ್ನೊಮ್ಮೆ ಬೇಕಾಗುತ್ತದೆ. ಸ್ಕ್ರೂಜ್‌ನ ಹಳೆಯ ವೈರಿಗಳಾದ ಬೀಗಲ್ ಬಾಯ್ಸ್ ಎಂಬ ಕಳ್ಳರೂ ಇಲ್ಲಿ ಎದುರಾಗುತ್ತಾರೆ. ಕೊನೆಗೆ ಮಾಟಗಾತಿ ಮ್ಯಾಜಿಕಾ ಡಿ ಸ್ಪೆಲ್. ಮಾಯವಾಗಿ ಬೇರೆ ಕಡೆ ಕಾಣಿಸಿಕೊಂಡು ಮಂತ್ರ ಎಸೆಯುವುದು ಅವಳ ತಂತ್ರ. ಅಟ್ಟಿಸಿಕೊಂಡು ಓಡದೆ, ಕುಪ್ಪಳಿಸುತ್ತಲೇ ಇದ್ದು ಅವಳು ಹತ್ತಿರ ಬಂದಾಗ ತಲೆಯ ಮೇಲೆ ಬೀಳುವುದು ಅದಕ್ಕೆ ಪ್ರತಿತಂತ್ರ. ಕಳೆದುಹೋದ ಸಾಮ್ರಾಜ್ಯದ ನಾಣ್ಯ ಇಲ್ಲಿಯ ನಿಧಿ.

ಕೀಲಿ ಸಿಕ್ಕ ಮೇಲೆ ಆಫ್ರಿಕಾದ ಗಣಿ ಸರಾಗ. ಆಳಕ್ಕೆ ಇಳಿಯುತ್ತ ಹೋದರೆ ನೆಲದೊಳಗೆ ಬದುಕುವ ಟೆರಾಫರ್ಮಿಯನ್ನರ ರಾಜ ಸಿಗುತ್ತಾನೆ. ಅವನು ಉಂಡೆಯಾಗಿ ಉರುಳುವಾಗ ಮೇಲಿಂದ ಕಲ್ಲುಗಳು ಉದುರುತ್ತವೆ. ಉರುಳುವಿಕೆ ನಿಂತ ಗಳಿಗೆಯೇ ಹೊಡೆಯುವ ಗಳಿಗೆ. ನಿಧಿ, ಭೂಗರ್ಭದ ಬೃಹತ್ ವಜ್ರ.

ಹಿಮಾಲಯ ಭಾರತದ ಆಟಗಾರರಿಗೆ ಹೆಸರಿನಿಂದ ಹತ್ತಿರವಾದರೂ ಆಟದ ಹಿಮಾಲಯದಲ್ಲಿ ಗುಡಿಯೂ ಇಲ್ಲ, ಯಾತ್ರಿಕರೂ ಇಲ್ಲ. ಇರುವುದು ಹಿಮ, ಮೊಲ ಮತ್ತು ಹಿಮಮಾನವ. ನಿಧಿಯೂ ಚೆಂಗೀಸ್ ಖಾನ್‌ನ ಕಳೆದುಹೋದ ಕಿರೀಟ. ಆಟದ ದೃಷ್ಟಿಯಿಂದ ಈ ಹಂತದ ಜಾಣ್ಮೆ ಬೇರೆಡೆ ಇದೆ. ಅಲ್ಲಿಯವರೆಗೆ ಕುಪ್ಪಳಿಕೆಯೇ ಸರ್ವಸ್ವ ಎಂದು ಕಲಿಸಿದವರು ಇಲ್ಲಿ ಆ ಅಭ್ಯಾಸವನ್ನೇ ಬಲೆಯಾಗಿಸಿದ್ದಾರೆ. ಮೆತ್ತನೆಯ ಹಿಮದ ಮೇಲೆ ಕುಪ್ಪಳಿಸಿದರೆ ಊರುಗೋಲು ಹೂತುಕೊಂಡು ಸ್ಕ್ರೂಜ್ ಕೆಲ ಕ್ಷಣ ಅಲ್ಲೇ ಸಿಕ್ಕಿಕೊಳ್ಳುತ್ತಾನೆ. ಅಷ್ಟರಲ್ಲಿ ಹಿಮದಿಂದೆದ್ದ ಮೊಲ ಬಂದು ತಾಗುತ್ತದೆ. ಹಿಮವಿರುವಲ್ಲಿ ಸಾಧಾರಣ ಜಿಗಿತ, ಗಟ್ಟಿ ನೆಲ ಮತ್ತು ಶತ್ರುಗಳ ತಲೆಯ ಮೇಲೆ ಮಾತ್ರ ಕುಪ್ಪಳಿಕೆ ಎಂದು ಬೆರಳಿಗೆ ಹೊಸ ಪಾಠ ಹೇಳಬೇಕಾಗುತ್ತದೆ. ಗುಹೆಯೊಳಗೆ ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿ ನಿಂತವನು ಧಾರಾವಾಹಿಯ ಆದಿಮ ಬಾತುಕೋಳಿ ಬಬ್ಬಾ. ಗಡ್ಡೆ ಒಡೆದು ಅವನನ್ನು ಬಿಡಿಸದೆ ಮುಂದೆ ಹೋಗಬಾರದು.

ಚಂದ್ರನನ್ನು ಕೊನೆಗೆ ಉಳಿಸಿಕೊಳ್ಳುವುದು ಲೇಸು. ಕಷ್ಟ ಹೆಚ್ಚು ಎಂಬುದು ಒಂದು ಕಾರಣ, ಸಂಗೀತ ಇನ್ನೊಂದು. ಎನ್‌ಇಎಸ್‌ನ ಧ್ವನಿ ಚಿಪ್‌ಗೆ ಇದ್ದದ್ದು ಐದೇ ಚಾನೆಲ್: ಎರಡು ಚೌಕ ತರಂಗ, ಒಂದು ತ್ರಿಕೋನ ತರಂಗ, ಒಂದು ಗರಗರ ಸದ್ದು (ನಾಯ್ಸ್), ಒಂದು ರೆಕಾರ್ಡ್ ಮಾಡಿದ ಧ್ವನಿಯ ತುಣುಕಿಗೆ. ಅಷ್ಟರಲ್ಲೇ ಟೊನೊಮುರಾ ಕಟ್ಟಿದ ಚಂದ್ರನ ಹಂತದ ರಾಗ ಆ ಕನ್ಸೋಲ್‌ನ ಅತ್ಯುತ್ತಮ ಸಂಗೀತಗಳಲ್ಲೊಂದೆಂದು ಇಂದಿಗೂ ಎಣಿಸಲ್ಪಡುತ್ತದೆ. ಅದನ್ನು ಮರುನುಡಿಸಿದ ಸಂಗೀತಗಾರರಿಗೆ ಲೆಕ್ಕವಿಲ್ಲ. ರಾಗ ಕೇಳಲೆಂದೇ ಒಂದು ಮೂಲೆಯಲ್ಲಿ ಸುಮ್ಮನೆ ನಿಂತು ಸಮಯ ಮುಗಿಸಿಕೊಂಡವರೂ ಇದ್ದಾರು. ಹಂತದ ಮೊದಲ ಭಾಗ ಒಂದು ಅನ್ಯಗ್ರಹದ ನೌಕೆ. ಅದರೊಳಗೆ ರಿಮೋಟ್ ಹುಡುಕಿ ತೆಗೆದುಕೊಳ್ಳಬೇಕು. ಆಮೇಲೆ ದಾರಿಗೆ ಅಡ್ಡವಾಗಿರುವ ಗೋಡೆಯ ಬಳಿಗೆ ಬಂದಾಗ ಲೋಹಕವಚದ ಗಿಜ್ಮೊಡಕ್ ಹಾಜರಾಗಿ ಅದನ್ನು ಸಿಡಿಸುತ್ತಾನೆ. ರಿಮೋಟ್ ಇಲ್ಲದೆ ಬಂದವರು ಗೋಡೆಯ ಮುಂದೆ ಎಷ್ಟು ಕುಪ್ಪಳಿಸಿದರೂ ಪ್ರಯೋಜನವಿಲ್ಲ, ಹಿಂದಕ್ಕೆ ನಡೆಯಲೇಬೇಕು. ತಳದಲ್ಲಿ ಕಾಯುವುದು ದೈತ್ಯ ಇಲಿ. ಉಳಿದ ದೊಡ್ಡ ಶತ್ರುಗಳಿಗಿಂತ ಚುರುಕು; ಓಡಿಬಂದು ನೆಗೆಯುವ ಅದರ ಲಯವನ್ನು ಎರಡು ಮೂರು ಸುತ್ತು ನೋಡಿಕೊಂಡು ಆಮೇಲೆ ಹೊಡೆಯುವುದು ಕ್ಷೇಮ. ನಿಧಿ, ದೀರ್ಘಾಯುಷ್ಯ ಕೊಡುವ ಹಸಿರು ಚೀಸ್.

ಕೊನೆಯ ಓಟ

ಐದೂ ನಿಧಿಗಳು ಕೈಸೇರಿದ ಕೂಡಲೇ ಅವು ಕಳವಾಗುತ್ತವೆ. ಮತ್ತೆ ಟ್ರಾನ್ಸಿಲ್ವೇನಿಯಾಕ್ಕೆ ಪ್ರಯಾಣ. ಕನ್ನಡಿಗಳ ನಕ್ಷೆ ಬರೆದಿಟ್ಟವರಿಗೆ ಈಗ ಅದರ ಫಲ. ಕೋಟೆಯ ಒಡೆಯ ಡ್ರಾಕುಲಾ ಡಕ್ ನೆಲದಿಂದ ನೇರವಾಗಿ ಎಟುಕುವುದಿಲ್ಲ. ಅವನ ಸುತ್ತ ಹಾರುವ ಬಾವಲಿಯ ತಲೆ ಮೆಟ್ಟಿ, ಅಲ್ಲಿಂದ ಚಿಮ್ಮಿ ಅವನ ತಲೆಯ ಮೇಲೆ ಬೀಳಬೇಕು. ಅಮೆಜಾನಿನಲ್ಲಿ ಜೇನ್ನೊಣದ ಮೇಲೆ ಕಲಿತ ಆಟವೇ ಇಲ್ಲಿ ಪರೀಕ್ಷೆಯಾಗಿ ಬರುತ್ತದೆ. ಅವನು ಸೋತರೂ ಆಟ ಮುಗಿಯದು. ಸ್ಕ್ರೂಜ್‌ನ ಪ್ರತಿಸ್ಪರ್ಧಿ ಶ್ರೀಮಂತ ಫ್ಲಿಂಟ್‌ಹಾರ್ಟ್ ಗ್ಲೋಮ್‌ಗೋಲ್ಡ್ ಬಂದು ನಿಧಿಪೆಟ್ಟಿಗೆಯತ್ತ ಮೇಲಕ್ಕೆ ಧಾವಿಸುತ್ತಾನೆ. ಅವನಿಗಿಂತ ಮೊದಲು ತಲುಪಬೇಕು. ಗೆದ್ದೆವೆಂದು ಕಂಟ್ರೋಲರ್ ಕೆಳಗಿಟ್ಟವರು ಸೋಲುವುದು ಇಲ್ಲೇ. ಸಮಾರೋಪದ ಚಿತ್ರ ಕೂಡಿಟ್ಟ ಹಣಕ್ಕೆ ತಕ್ಕಂತೆ ಬದಲಾಗುತ್ತದೆ. ಅತ್ಯುತ್ತಮ ಸಮಾರೋಪ ನೋಡಬೇಕೆನ್ನುವವರು ಎರಡೂ ಗುಪ್ತ ನಿಧಿಗಳನ್ನು ಸೇರಿಸಿಕೊಂಡು ಒಂದು ಕೋಟಿ ಡಾಲರ್ ದಾಟುವ ಗುರಿ ಇಟ್ಟುಕೊಳ್ಳಬೇಕು.

ನಂತರದ ರೂಪಗಳು

ಹಳೆಯ ಯಂತ್ರದ ತಾಪತ್ರಯ ಬೇಡವೆನ್ನುವವರಿಗೆ 2017ರ ‘ದಿ ಡಿಸ್ನಿ ಆಫ್ಟರ್‌ನೂನ್ ಕಲೆಕ್ಷನ್’ ನೇರವಾದ ದಾರಿ. ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಮತ್ತು ವಿಂಡೋಸ್‌ಗೆ ಬಂದ ಈ ಸಂಪುಟದಲ್ಲಿ ‘ಡಕ್‌ಟೇಲ್ಸ್’ ಜೊತೆಗೆ ಅದರ 1993ರ ಎರಡನೆಯ ಭಾಗವೂ ‘ಟೇಲ್‌ಸ್ಪಿನ್’ ಸೇರಿದಂತೆ ಇನ್ನು ನಾಲ್ಕು ಕ್ಯಾಪ್‌ಕಾಮ್ ಆಟಗಳೂ ಇವೆ. ಆಟ ಮೂಲದ್ದೇ. ತಪ್ಪು ಹೆಜ್ಜೆಯನ್ನು ಹಿಂದಕ್ಕೆ ತಿರುಗಿಸುವ ರಿವೈಂಡ್ ಮತ್ತು ಸೇವ್ ಸೌಲಭ್ಯ ಸೇರಿವೆ. ರಿವೈಂಡ್ ಒಳ್ಳೆಯ ಗುರು, ಆದರೆ ಪ್ರತಿ ಪೆಟ್ಟಿಗೂ ಅದನ್ನೇ ಒತ್ತಿದರೆ ಈ ಆಟದ ಬಿಗಿ ಸಡಿಲವಾಗುತ್ತದೆ. ಒಂದು ಹಂತವನ್ನು ಅಭ್ಯಾಸ ಮಾಡುವಾಗ ಬಳಸಿ, ಪೂರ್ತಿ ಆಡುವಾಗ ಮರೆಯುವುದು ವಾಸಿ. ನಿಂಟೆಂಡೊದ ಗೇಮ್ ಬಾಯ್‌ಗೆ 1990ರಲ್ಲಿ ಬಂದ ಕಪ್ಪುಬಿಳುಪು ರೂಪವೂ ಆಡಲು ಯೋಗ್ಯವೇ. ಚಿಕ್ಕ ಪರದೆಗಾಗಿ ಹಂತಗಳನ್ನು ಬದಲಿಸಿರುವುದರಿಂದ ಎನ್‌ಇಎಸ್‌ನ ನಕ್ಷೆ ಅಲ್ಲಿ ನಂಬುವಂತಿಲ್ಲ.

2013ರ ‘ಡಕ್‌ಟೇಲ್ಸ್: ರೀಮಾಸ್ಟರ್ಡ್’ ಬೇರೆಯೇ ಜಾತಿಯದು. ಅಮೆರಿಕದ ವೇಫಾರ್ವರ್ಡ್ ಸಂಸ್ಥೆ ಆಟವನ್ನು ಹೊಸ ಚಿತ್ರ, ಹೊಸ ವಾದ್ಯಸಂಯೋಜನೆ, ಮಾತುಗಳೊಂದಿಗೆ ಮರುರೂಪಿಸಿತು. 1987ರ ಧಾರಾವಾಹಿಯಲ್ಲಿ ಸ್ಕ್ರೂಜ್‌ಗೆ ದನಿ ಕೊಟ್ಟ ಅಲನ್ ಯಂಗ್ ಅವರೇ, ತೊಂಬತ್ತು ದಾಟಿದ ವಯಸ್ಸಿನಲ್ಲಿ, ಇದಕ್ಕೂ ದನಿ ಕೊಟ್ಟರು. ಮಾತು ಸ್ವಲ್ಪ ಹೆಚ್ಚೇ ಆಯಿತು. ಎರಡನೆಯ ಸಲ ಆಡುವವರು ಸಂಭಾಷಣೆಯ ದೃಶ್ಯಗಳನ್ನು ದಾಟಿಸಿ ಮುಂದೆ ಹೋಗುವುದೇ ಹೆಚ್ಚು. ಇದರಲ್ಲಿ ಕುಪ್ಪಳಿಸಲು ಒಂದೇ ಗುಂಡಿ ಸಾಕು. ಕೆಳದಿಕ್ಕನ್ನೂ ಸೇರಿಸಿ ಒತ್ತಬೇಕಾದ ಹಳೆಯ ಪದ್ಧತಿ ಬೇಕೆನ್ನುವವರಿಗಾಗಿ ಸೆಟ್ಟಿಂಗ್‌ನಲ್ಲಿ ‘ಹಾರ್ಡ್ ಪೋಗೋ’ ಎಂಬ ಆಯ್ಕೆ ಇದೆ. ಮುಂದೆ ಮೂಲ ಕಾರ್ಟ್ರಿಜ್ ಆಡುವ ಉದ್ದೇಶವಿದ್ದರೆ ಮೊದಲ ದಿನವೇ ಅದನ್ನು ಆನ್ ಮಾಡಿಕೊಳ್ಳಬೇಕು. ಒಂದೇ ಗುಂಡಿಗೆ ಒಗ್ಗಿದ ಹೆಬ್ಬೆರಳು ಎನ್‌ಇಎಸ್ ಕಂಟ್ರೋಲರ್ ಮೇಲೆ ತಡವರಿಸುತ್ತದೆ.